ಹಾವು ಕಡಿತ: ಔಷಧವಷ್ಟೇ ಸಾಲದು, ತರಬೇತಿಯೂ ಬೇಕು



ಹಾವು ಕಡಿತದ ಮಾತು ಬಂದಾಗಲೆಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಔಷಧದ ದಾಸ್ತಾನಿದೆಯೇ ಎಂಬುದಷ್ಟೇ ಚರ್ಚೆಯಾಗಿ, ಅದನ್ನು ಕೊಡಬೇಕಾದ ಸಿಬ್ಬಂದಿಗೆ ತರಬೇತಿ ಸಿಕ್ಕಿದೆಯೇ ಎಂಬ ಪ್ರಶ್ನೆ ಮೂಲೆಗುಂಪಾಗುವುದು ಸರಿಯಲ್ಲ. ಶೇಂಗಾವನ್ನೇ ನೆಚ್ಚಿಕೊಂಡ ಒಣಸೀಮೆಯಾದ ಆಂಧ್ರಪ್ರದೇಶದ ರಾಯದುರ್ಗ, ಮಡಕಶಿರಾ ಭಾಗಗಳಿಗಂತೂ ಇದು ಜೀವನ್ಮರಣದ ಪ್ರಶ್ನೆ. ಇಂಥ ಕಲ್ಲುನೆಲದಲ್ಲೇ ಗರಗಸ ಮಂಡಲ ಹಾವು ನೆಲೆಸುತ್ತದೆ, ಬಿತ್ತನೆಯ ಮುಂಗಾರಿನಲ್ಲೇ ಕಡಿತವೂ ಹೆಚ್ಚುತ್ತದೆ.

ಗರಗಸ ಮಂಡಲ, ಕೊಳಕುಮಂಡಲಗಳ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಇದನ್ನು ಪತ್ತೆಹಚ್ಚಲು ಪ್ರಯೋಗಾಲಯವೇ ಬೇಕೆಂದಿಲ್ಲ: ರೋಗಿಯ 2 ಮಿ.ಲೀ. ರಕ್ತವನ್ನು ಶುಚಿಯಾದ, ಒಣಗಿದ ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು, ಬಳಿಕ ಬಗ್ಗಿಸಿದಾಗ ಅದು ಇನ್ನೂ ಹರಿಯುತ್ತಿದ್ದರೆ ವಿಷವೇರಿದೆ ಎಂದರ್ಥ. ಆದರೆ ಪ್ಲಾಸ್ಟಿಕ್ ನಳಿಕೆಯನ್ನೋ ಸೋಪಿನಲ್ಲಿ ತೊಳೆದ ನಳಿಕೆಯನ್ನೋ ಬಳಸಿದರೆ ಫಲಿತಾಂಶವೇ ತಪ್ಪಬಹುದೆಂಬುದು ಕೈಯಾರೆ ಮಾಡಿ ಕಲಿತವರಿಗಷ್ಟೇ ನೆನಪಿರುತ್ತದೆ. ಕಟ್ಟುಹಾವಿನ ವಿಷವಾದರೋ ನರಗಳಿಗೆ ತಗಲುವಂಥದ್ದು. ನೆಲದ ಮೇಲೆ ಮಲಗಿದವರನ್ನು ಅದು ರಾತ್ರಿ ಕಚ್ಚಿದರೆ ಬಾವಾಗಲಿ ಗಾಯವಾಗಲಿ ಕಾಣದೆ, ಹೊಟ್ಟೆನೋವು ಮತ್ತು ಜೋತುಬಿದ್ದ ಕಣ್ಣುರೆಪ್ಪೆಗಳಿಂದಲೇ ಗುರುತು ಹಿಡಿಯಬೇಕಾಗಬಹುದು.

ಈ ಮೂರು ಹಾವುಗಳ ಜೊತೆಗೆ ನಾಲ್ಕನೆಯದಾದ ನಾಗರಹಾವಿನ ವಿಷಕ್ಕೂ ಸೇರಿಸಿ ನೀಡುವ ಪ್ರತಿವಿಷವು ಕುದುರೆಯ ರಕ್ತದಿಂದ ತಯಾರಾಗುವುದರಿಂದ ಕೆಲವರಲ್ಲಿ ತೀವ್ರ ಅಲರ್ಜಿ ತರುತ್ತದೆ. ಈ ಭಯದಿಂದಲೇ ದೇಶದ ಹಲವು ಗ್ರಾಮೀಣ ಆಸ್ಪತ್ರೆಗಳಲ್ಲಿ ಔಷಧವಿದ್ದರೂ ದೊಡ್ಡಾಸ್ಪತ್ರೆಗೆ ಚೀಟಿ ಬರೆದು ಕಳಿಸಲಾಗುತ್ತದೆ. ಅಡ್ರಿನಾಲಿನ್ ಚುಚ್ಚುಮದ್ದಿನಿಂದ ಆ ಅಲರ್ಜಿಯನ್ನು ಹತೋಟಿಗೆ ತರಲು ಕಲಿತ ಸಿಬ್ಬಂದಿಯಿದ್ದರೆ, ಬಳ್ಳಾರಿಗೋ ಅನಂತಪುರಕ್ಕೋ ಹಿಂದೂಪುರಕ್ಕೋ ಹೊರಡುವ ಮೊದಲೇ ರೋಗಿಗೆ ಮೊದಲ ಪ್ರಮಾಣದ ಪ್ರತಿವಿಷ ಸಿಗುತ್ತದೆ.

ದೇಶದಲ್ಲಿ ಹಾವು ಕಡಿತದಿಂದ ವರ್ಷಕ್ಕೆ ಸರಾಸರಿ 58 ಸಾವಿರ ಎಂದು ಅಂದಾಜಿಸಲಾದ ಸಾವುಗಳನ್ನು 2030ರೊಳಗೆ ಅರ್ಧಕ್ಕಿಳಿಸುವ ರಾಷ್ಟ್ರೀಯ ಕ್ರಿಯಾಯೋಜನೆಯನ್ನು ಕೇಂದ್ರವು 2024ರಲ್ಲಿ ಪ್ರಕಟಿಸಿದೆ. ಅದೇ ವರ್ಷ ನೆರೆಯ ಕರ್ನಾಟಕ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ, ಅಂದರೆ ಪ್ರತಿ ಪ್ರಕರಣವನ್ನೂ ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಕಾಯಿಲೆ ಎಂದು ಘೋಷಿಸಿತು. 2022ರಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿ, ರಾಯದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿದಿದ್ದರಿಂದ ಈಗ ಹೊಣೆ ಎರಡು ಜಿಲ್ಲಾಡಳಿತಗಳದ್ದು. ಅವೆರಡೂ ಪ್ರತಿ ವರ್ಷ ಬಿತ್ತನೆಗೆ ಮುನ್ನ ವೈದ್ಯರು, ನರ್ಸ್‌ಗಳು ಹಾಗೂ 108 ಆಂಬುಲೆನ್ಸ್ ಸಿಬ್ಬಂದಿಗೆ ಪ್ರಾಯೋಗಿಕ ತರಬೇತಿ ಕೊಡಿಸಿ, ಕಡಿತಕ್ಕೊಳಗಾದ ಕಾಲನ್ನು ಬಿಗಿಯಾಗಿ ಕಟ್ಟಬಾರದು, ಗಾಯ ಕೊಯ್ಯಬಾರದು ಎಂಬ ತಿಳಿವಳಿಕೆಯನ್ನು ಆಶಾ ಕಾರ್ಯಕರ್ತೆಯರ ಮೂಲಕ ತೆಲುಗಿನ ಜೊತೆಗೆ ಕನ್ನಡದಲ್ಲೂ ಮನೆಮನೆಗೆ ಮುಟ್ಟಿಸಬೇಕು.

– ಓದುಗರೊಬ್ಬರು, ರಾಯದುರ್ಗ