ಸಂಶೋಧನೆ ಮತ್ತು ಶುಶ್ರೂಷೆ

ಪರಿಚಿತ ಸದ್ಗೃಹಸ್ಥರೊಬ್ಬರು ಈಚೆಗೆ ಕೈಯಲ್ಲೊಂದು ಕಾಗದ ಹಿಡಿದು ನಮ್ಮಲ್ಲಿಗೆ ಬಂದರು. ಅವರ ತಾಯಿಯವರು ನಗರದ ಆಸ್ಪತ್ರೆಯೊಂದರಲ್ಲಿ ದೊಡ್ಡ ಕರುಳಿನ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿದ್ದರು. ಎರಡು ಬಗೆಯ ಚಿಕಿತ್ಸೆಗಳಲ್ಲಿ ಯಾವುದು ಮೇಲೆಂದು ತಿಳಿಯುವ ಸಂಶೋಧನೆಗೆ ಸೇರಲು ಒಪ್ಪಿಗೆಯೇ ಎಂದು ವೈದ್ಯರು ಕೇಳಿದ್ದರಂತೆ. “ಗುರುಗಳೇ, ನಮ್ಮವ್ವನನ್ನು ಪ್ರಯೋಗಪಶು ಮಾಡುತ್ತಾರೇನು? ಇಂಥ ಆಸ್ಪತ್ರೆಯನ್ನು ಬಿಟ್ಟು ಬೇರೆಡೆಗೆ ಒಯ್ಯಲೇ?” ಎಂಬುದು ಅವರ ಕಳವಳ.

ಆ ಭೀತಿ ನಿರಾಧಾರವಾದುದಲ್ಲ. ಅಮೆರಿಕದ ಅಲಬಾಮಾ ರಾಜ್ಯದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ, ಸಿಫಿಲಿಸ್ ರೋಗ ತಗುಲಿದ್ದ ಸುಮಾರು 400 ಮಂದಿ ಬಡ ಕಪ್ಪುಜನರಿಗೆ ನಿಜಸಂಗತಿಯನ್ನು ತಿಳಿಸದೆ, ಪೆನಿಸಿಲಿನ್ ಎಂಬ ಮದ್ದು ಬಂದ ಮೇಲೂ ಅದನ್ನು ಕೊಡದೆ, ರೋಗ ಬೆಳೆಯುವ ಬಗೆಯನ್ನಷ್ಟೇ ನೋಡುತ್ತ ಕುಳಿತದ್ದುಂಟು. ಇಂಥ ಅನ್ಯಾಯಗಳಿಂದ ಪಾಠ ಕಲಿತ ಮೇಲೆಯೇ ಬಿಗಿಯಾದ ಕಟ್ಟುಪಾಡುಗಳು ಬಂದವು. ನಮ್ಮ ದೇಶದ 2019ರ ನಿಯಮಗಳಂತೆ ಹೊಸ ಔಷಧದ ಪ್ರಯೋಗಕ್ಕೆ ನೈತಿಕ ಸಮಿತಿಯ ಅನುಮತಿ ಬೇಕು; ರೋಗಿಯು ಎಲ್ಲವನ್ನೂ ತಿಳಿದು ಬರಹದಲ್ಲಿ ಒಪ್ಪಿಗೆ ನೀಡಬೇಕು; ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆಯೂ ಪರಿಹಾರವೂ ಸಲ್ಲಬೇಕು.

ಇನ್ನು, ಸಂಶೋಧನೆ ನಡೆಸುವ ಆಸ್ಪತ್ರೆಯಲ್ಲಿ ರೋಗಿಯ ಆರೈಕೆ ಕುಂದುವುದೇ? ಇದೇ ಕಾಯಿಲೆಗೆ ಸಂಬಂಧಿಸಿದ ಇಂಗ್ಲೆಂಡಿನ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. 2001ರಿಂದ 2008ರ ನಡುವೆ ಕರುಳಿನ ಕ್ಯಾನ್ಸರ್ ಪತ್ತೆಯಾದ ಸುಮಾರು 2,10,000 ರೋಗಿಗಳ ವಿವರಗಳನ್ನು ಅದರಲ್ಲಿ ಪರಿಶೀಲಿಸಲಾಗಿತ್ತು. ಹಲವು ವರ್ಷ ಎಡೆಬಿಡದೆ ಹೆಚ್ಚು ರೋಗಿಗಳನ್ನು ಸಂಶೋಧನೆಗೆ ಸೇರಿಸಿಕೊಂಡ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಯ ಬಳಿಕದ ಸಾವು ಶೇಕಡಾ 6.5ರ ಬದಲು 5ರಷ್ಟಿತ್ತು. ಐದು ವರ್ಷ ಬದುಕುಳಿದವರು ಶೇಕಡಾ 41ರ ಬದಲು 44.8ರಷ್ಟಿದ್ದರು. ಸ್ವತಃ ಸಂಶೋಧನೆಗೆ ಸೇರದಿದ್ದ ರೋಗಿಗಳಿಗೂ ಅಲ್ಲಿ ಈ ಮೇಲ್ಮೆ ಕಂಡುಬಂದುದು ಗಮನಾರ್ಹ. ಇದಕ್ಕೆ ಸಂಶೋಧನೆಯೊಂದೇ ಕಾರಣವೆಂದು ಅಧ್ಯಯನ ಸಾಧಿಸಿಲ್ಲ. ಒಳ್ಳೆಯ ಆಸ್ಪತ್ರೆಗಳೇ ಸಂಶೋಧನೆಗೆ ತೊಡಗುತ್ತವೆ ಎಂದೂ ವಾದಿಸಬಹುದು. ಆದರೆ ಎರಡೂ ಒಂದೇ ಮನೆಯಲ್ಲಿ ವಾಸಿಸುತ್ತವೆಂಬುದಂತೂ ನಿಜ.

ಹೀಗಾಗಲು ಕಾರಣವೂ ಊಹೆಗೆ ನಿಲುಕುವಂಥದೇ. ಸಂಶೋಧನೆಯಲ್ಲಿ ಯಾವ ಮದ್ದು, ಯಾವ ಪ್ರಮಾಣ, ಯಾವ ದಿನ ಯಾವ ತಪಾಸಣೆ ಎಂಬುದು ಮೊದಲೇ ಬರೆದಿಟ್ಟ ವಿಧಿಯಂತೆ ನಡೆಯಬೇಕು. ಪ್ರತಿಯೊಂದನ್ನೂ ದಾಖಲಿಸಬೇಕು, ಮನೆಗೆ ಹೋದ ರೋಗಿಯನ್ನೂ ವಿಚಾರಿಸಬೇಕು, ಹೊರಗಿನವರು ಬಂದು ಲೆಕ್ಕ ನೋಡುತ್ತಾರೆ. ಈ ಶಿಸ್ತು ಒಮ್ಮೆ ವೈದ್ಯ-ದಾದಿಯರ ಕೈಗೆ ರೂಢಿಯಾದರೆ ಪಕ್ಕದ ಹಾಸಿಗೆಯ ರೋಗಿಗೂ ಅದರ ಫಲ ದಕ್ಕುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, “ಇದು ನಮಗೆ ಇನ್ನೂ ತಿಳಿಯದು, ತಿಳಿಯೋಣ” ಎನ್ನುವ ವಿನಯ ಅಲ್ಲಿ ನೆಲೆಸುತ್ತದೆ.

ಆ ವಿನಯದ ಬೆಲೆಯನ್ನು ನಾವು ಕೋವಿಡ್ ಕಾಲದಲ್ಲಿ ಕಂಡೆವು. ಗುಣವಾದವರ ರಕ್ತದ ಪ್ಲಾಸ್ಮಾ ಕೊಟ್ಟರೆ ರೋಗಿ ಉಳಿಯುವನೆಂಬ ನಂಬಿಕೆಯಿಂದ ಎಷ್ಟೋ ಮನೆಯವರು ಹಗಲಿರುಳು ದಾನಿಗಳನ್ನು ಅರಸಿ ಅಲೆದರು. 2020ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ದೇಶದ 39 ಆಸ್ಪತ್ರೆಗಳಲ್ಲಿ 464 ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿತು. ಪ್ಲಾಸ್ಮಾ ಪಡೆದವರಲ್ಲಿ ಸಾವಾಗಲಿ ರೋಗದ ಉಲ್ಬಣವಾಗಲಿ ಕಡಿಮೆಯಾಗಲಿಲ್ಲ. 2021ರ ಮೇ ತಿಂಗಳಲ್ಲಿ ಪ್ಲಾಸ್ಮಾವನ್ನು ಚಿಕಿತ್ಸಾ ಮಾರ್ಗಸೂಚಿಯಿಂದ ಕೈಬಿಡಲಾಯಿತು. ಆ 464 ಮಂದಿ ಒಪ್ಪದೆ ಹೋಗಿದ್ದರೆ ನಮ್ಮ ಅಲೆದಾಟ ಇನ್ನೆಷ್ಟು ಕಾಲ ನಡೆಯುತ್ತಿತ್ತೋ! ಪರೀಕ್ಷಿಸದೆ ಕೊಡುವ ಮದ್ದೂ ಒಂದು ಪ್ರಯೋಗವೇ. ವ್ಯತ್ಯಾಸವಿಷ್ಟೇ, ಅದರಿಂದ ಯಾರೂ ಏನನ್ನೂ ಕಲಿಯುವುದಿಲ್ಲ.

ಆದುದರಿಂದ ಸಂಶೋಧನೆಯ ಹೆಸರು ಕೇಳಿ ಓಡಬೇಕಾಗಿಲ್ಲ. ಕಣ್ಣು ಮುಚ್ಚಿ ಸಹಿ ಮಾಡಲೂಬೇಕಾಗಿಲ್ಲ. ಈಗಿರುವ ಚಿಕಿತ್ಸೆ ಯಾವುದು, ಹೊಸದರಿಂದ ಆಗಬಹುದಾದ ತೊಂದರೆಗಳೇನು, ಖರ್ಚು ಯಾರದು, ನಡುವೆ ಹೊರಬಂದರೆ ಆರೈಕೆ ನಿಲ್ಲದಷ್ಟೇ, ನೈತಿಕ ಸಮಿತಿ ಒಪ್ಪಿದೆಯೇ ಎಂಬುದನ್ನು ಕೇಳಬೇಕು. ಕೇಳಿದವರ ಮೇಲೆ ಸಿಡುಕುವ ಕಡೆ ಸಹಿ ಮಾಡಬಾರದು.

ಇಷ್ಟನ್ನೂ ಆ ಗೃಹಸ್ಥರಿಗೆ ಹೇಳಿ ಕಡೆಗೆ ಕೇಳಿದೆವು: “ತಾಯಿಯವರು ಏನೆನ್ನುತ್ತಾರೆ?” ಅವರು ತಲೆ ತಗ್ಗಿಸಿದರು. ಊರವರನ್ನೆಲ್ಲ ಕೇಳಿದ್ದ ಮಗ ತಾಯಿಯನ್ನೇ ಕೇಳಿರಲಿಲ್ಲ. ವಾರದ ಬಳಿಕ ಬಂದು ತಿಳಿಸಿದರು: ಆ ಮುದುಕಿ ಕಾಗದವನ್ನು ಎರಡು ಸಲ ಓದಿಸಿಕೊಂಡು, ವೈದ್ಯರನ್ನು ಕರೆಸಿ ತಾವೇ ಪ್ರಶ್ನೆ ಕೇಳಿದರಂತೆ. ಅವರ ನಿರ್ಧಾರವೇನೆಂದು ಇಲ್ಲಿ ಬರೆಯುವುದು ಸಲ್ಲದು. ಅದು ಅವರಿಗೆ ಸೇರಿದ್ದು. ಒಪ್ಪಿಗೆಯ ಅರ್ಥವೇ ಅದು.