ಹೆದರಿದವರ ತಕ್ಕಡಿ

“ಕೋವಿ ಇಟ್ಟುಕೊಂಡು ತಿರುಗುವವನು ಗುಂಡಿಗೆ ಬಲಿಯಾದರೆ ಪೋಲೀಸರ ತಪ್ಪೇನು?” ಅಮೆರಿಕದಿಂದ ಅಂಥ ಸುದ್ದಿ ಬಂದಾಗಲೆಲ್ಲ ನಮ್ಮ ವಿದ್ಯಾವಂತ ಮಿತ್ರರು ಹೀಗೆ ಕೇಳುವುದುಂಟು, ಕೇಳಿ, ಉತ್ತರಕ್ಕೆ ಕಾಯದೆ ಕಾಫಿಯ ಕಡೆಗೆ ತಿರುಗುವುದೂ ಉಂಟು. ಪ್ರಶ್ನೆಯಲ್ಲಿಯೇ ಉತ್ತರ ಅಡಗಿದೆ ಎಂಬ ಧೈರ್ಯ ಅವರದು. ಆ ಧೈರ್ಯವನ್ನು ಸ್ವಲ್ಪ ಕದಲಿಸಬೇಕೆಂದೇ ಈ ಬರಹ.

ಫಿಲಾಂಡೊ ಕಾಸ್ಟೀಲ್ ಎಂಬಾತ ಮಿನೆಸೋಟ ಸಂಸ್ಥಾನದ ಸೇಂಟ್ ಪಾಲ್ ನಗರದ ಶಾಲೆಯೊಂದರಲ್ಲಿ ಅಡುಗೆಮನೆಯ ಮೇಲ್ವಿಚಾರಕನಾಗಿದ್ದ. ವಯಸ್ಸು 32. ಆಫ್ರಿಕದ ಮೂಲದವನು. ಯಾವ ಮಗುವಿಗೆ ಹಾಲು ಒಗ್ಗದೆಂಬುದು ಅವನಿಗೆ ನೆನಪಿರುತ್ತಿತ್ತೆಂದು ಜೊತೆಯವರು ಹೇಳಿದ್ದಾರೆ. ಪಿಸ್ತೂಲಿಗೆ ಪರವಾನಿಗೆ ಪಡೆದಿದ್ದ. 2016ನೆಯ ಜುಲೈ 6ರ ಸಂಜೆ ಫಾಲ್ಕನ್ ಹೈಟ್ಸ್ ಎಂಬ ಉಪನಗರದಲ್ಲಿ ಪೋಲೀಸರು ಅವನ ಕಾರನ್ನು ನಿಲ್ಲಿಸಿದರು. ಹೇಳಿದ ಕಾರಣ, ಬ್ರೇಕಿನ ದೀಪ ಉರಿಯುತ್ತಿಲ್ಲವೆಂದು. ನಿಜವಾದ ಕಾರಣ ಬೇರೆ: ಅವನ ಅಗಲವಾದ ಮೂಗನ್ನು ಕಂಡು, ದರೋಡೆಯೊಂದರ ಶಂಕಿತನಂತೆ ಕಾಣುತ್ತಾನೆಂದು ಅಧಿಕಾರಿ ಮೊದಲೇ ರೇಡಿಯೋದಲ್ಲಿ ಹೇಳಿದ್ದ. (ಮೂಗಿನ ಅಗಲ ಅಪರಾಧದ ಗುರುತಾದರೆ ನಮ್ಮಲ್ಲಿ ಹೊರಗುಳಿಯುವವರೆಷ್ಟು ಮಂದಿಯೋ!)

ಲೈಸೆನ್ಸು ಮತ್ತು ವಿಮೆಯ ಚೀಟಿ ಕೇಳಿದರು. ಕಾಸ್ಟೀಲ್ ವಿಮೆಯ ಚೀಟಿ ಕೊಟ್ಟ. ಆಮೇಲೆ, “ಸ್ವಾಮಿ, ನನ್ನ ಬಳಿ ಕೋವಿಯಿದೆ” ಎಂದು ತಾನಾಗಿಯೇ ತಿಳಿಸಿದ. ಅಲ್ಲಿಯ ಕಾನೂನಿನ ಪ್ರಕಾರ ಕೇಳಿದಾಗ ಹೇಳಿದರೆ ಸಾಕು; ಕೇಳದಿದ್ದರೂ ಈತ ಹೇಳಿದ. ತೆಗೆಯಬೇಡವೆಂದ ಅಧಿಕಾರಿ. ತೆಗೆಯುತ್ತಿಲ್ಲವೆಂದ ಈತ. ಕೆಲವೇ ಸೆಕೆಂಡುಗಳಲ್ಲಿ ಏಳು ಗುಂಡು ಹಾರಿದವು. ಐದು ಅವನಿಗೆ ತಗಲಿದವು. ಪಕ್ಕದಲ್ಲಿ ಅವನ ಗೆಳತಿ, ಹಿಂದಿನ ಆಸನದಲ್ಲಿ ಆಕೆಯ ನಾಲ್ಕು ವರ್ಷದ ಮಗಳು. ಕೋವಿ ಜೇಬಿನಲ್ಲಿ ಸಿಕ್ಕಿತೆಂದೂ ಅದರ ನಳಿಕೆಗೆ ಗುಂಡು ಏರಿರಲಿಲ್ಲವೆಂದೂ ಸರ್ಕಾರದ ಪರವಾದ ದೋಷಾರೋಪವೇ ಹೇಳಿತು.

ಲೈಸೆನ್ಸು ತೆಗೆ ಎಂದೂ, ಕೈ ಹಾಕಬೇಡ ಎಂದೂ ಒಂದೇ ಉಸಿರಿನಲ್ಲಿ ಅಪ್ಪಣೆಯಾದರೆ ಮನುಷ್ಯ ಯಾವುದನ್ನು ಪಾಲಿಸಬೇಕು? ನನ್ನ ಜಗಳವೆಲ್ಲ ಇಲ್ಲಿದೆ. ಪಾಲಿಸಲು ದಾರಿಯೇ ಬಿಡದ ಅಪ್ಪಣೆ ಅಪ್ಪಣೆಯಲ್ಲ.

ಅಧಿಕಾರಿಯ ಮೇಲೆ ಮೊಕದ್ದಮೆ ನಡೆಯಿತು. 2017ನೆಯ ಜೂನ್ 16ರಂದು ಹನ್ನೆರಡು ಜನ ಜ್ಯೂರಿಗಳು ಅವನನ್ನು ನಿರ್ದೋಷಿಯೆಂದರು. ಕಾರಿನಲ್ಲಿ ಗಾಂಜಾದ ವಾಸನೆ ಬಂತು, ಪ್ರಾಣಭಯವಾಯಿತು ಎಂದು ಅವನ ಹೇಳಿಕೆ. ಗಾಂಜಾದ ಅಂಶ ಮೃತನ ರಕ್ತದಲ್ಲಿ ಇದ್ದದ್ದು ನಿಜ. ಅದಕ್ಕೆ ಮರಣದಂಡನೆ ಯಾವ ಸಂಸ್ಥಾನದಲ್ಲಿಯೂ ಇಲ್ಲವೆಂಬುದೂ ನಿಜ.

1989ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಒಂದು ಅಳತೆಗೋಲನ್ನು ಕೊಟ್ಟಿತು: ಪೋಲೀಸರು ಬಲ ಪ್ರಯೋಗಿಸಿದ್ದನ್ನು ಆ ಸ್ಥಳದಲ್ಲಿದ್ದ ಸಮಂಜಸ ಬುದ್ಧಿಯ ಅಧಿಕಾರಿಯ ಕಣ್ಣಿನಿಂದ ನೋಡಬೇಕು, ಆಮೇಲಿನ ತಿಳಿವಳಿಕೆಯಿಂದಲ್ಲ. ಪಾಠ ಹೇಳುವವನಿಗೆ ಪದಗಳ ಮೇಲೆ ಕಣ್ಣು ಹೆಚ್ಚು. “ಸಮಂಜಸ” ಎಂಬುದು ಒಳ್ಳೆಯ ಪದವೇ. ಆದರೆ ತಕ್ಕಡಿಯ ಒಂದೇ ತಟ್ಟೆಯಲ್ಲಿ ಅದನ್ನಿಟ್ಟಿದ್ದಾರೆ. ಅಧಿಕಾರಿಯ ಭಯವನ್ನು ತೂಗಿದರು. 40ಕ್ಕೂ ಹೆಚ್ಚು ಸಲ ರಸ್ತೆಯಲ್ಲಿ ಪೋಲೀಸರಿಂದ ನಿಲ್ಲಿಸಲ್ಪಟ್ಟಿದ್ದ ಕಾಸ್ಟೀಲನ ಭಯವನ್ನು ತೂಗಿದವರು ಯಾರು? ಪೋಲೀಸರ ಕೆಲಸ ಅಪಾಯದ್ದು, ಒಪ್ಪಿದೆ. ಕಾರು ನಿಲ್ಲಿಸಿ ಪ್ರಾಣ ತೆತ್ತ ಅಧಿಕಾರಿಗಳೂ ಇದ್ದಾರೆ. ಅಪಾಯವನ್ನು ಸಹಿಸುವ ಶಿಕ್ಷಣ ಪಡೆದವನಿಗೆ ಭಯಪಡುವ ಹಕ್ಕು, ಯಾವ ಶಿಕ್ಷಣವೂ ಇಲ್ಲದವನಿಗೆ ನಡುಗದಿರುವ ಕರ್ತವ್ಯ, ಇದು ಯಾವ ನ್ಯಾಯ?

ನನಗೆ ಕೋವಿಯ ಮೇಲೆ ಮೋಹವಿಲ್ಲ. ಅಲ್ಲಿ ಇಷ್ಟೊಂದು ಕೋವಿಗಳಿರಬಾರದೆಂದೇ ನನ್ನ ಮತ. ಆದರೆ 1791ರ ತಿದ್ದುಪಡಿ ಕೊಟ್ಟ ಹಕ್ಕನ್ನು 2008ರಲ್ಲಿ ಸುಪ್ರೀಂ ಕೋರ್ಟು ವ್ಯಕ್ತಿಯ ಹಕ್ಕೆಂದು ಎತ್ತಿಹಿಡಿದ ಮೇಲೆ, ಕೋವಿಯಿದೆ ಎಂಬುದೊಂದೇ ಅಪಾಯದ ಪುರಾವೆಯಾಗಲಾರದು. ಆ ಹಕ್ಕಿಗಾಗಿ ಗಂಟಲು ಹರಿಯುವಂತೆ ಕೂಗುವ ಅಲ್ಲಿಯ ರೈಫಲ್ ಸಂಘ, ಈ ಸಾವಿನ ಎರಡು ದಿನಗಳ ನಂತರ ಸತ್ತವನ ಹೆಸರನ್ನೂ ಎತ್ತದೆ ಒಂದು ಪುಟ್ಟ ಹೇಳಿಕೆ ಕೊಟ್ಟಿತು. ನಮ್ಮ ಕೊಡಗಿನಲ್ಲಿ ಕೈಲ್ ಮುಹೂರ್ತದ ದಿನ ಕೋವಿಗೆ ಪೂಜೆ ನಡೆಯುತ್ತದೆ. ಕೊಡವರಿಗೆ ಲೈಸೆನ್ಸಿನಿಂದಲೇ ವಿನಾಯಿತಿಯಿದೆ. ಮನೆಯ ಗೋಡೆಗೆ ಕೋವಿ ತಗಲಿಸಿದವರನ್ನೆಲ್ಲ ನಾವು ಕೊಲೆಗಡುಕರೆನ್ನುತ್ತೇವೆಯೆ?

ಹೊಣೆ ಯಾರ ಮೇಲೆ ಬಿತ್ತೆಂಬುದನ್ನೂ ನೋಡಿ. ತಾಯಿಗೆ ಸುಮಾರು 30 ಲಕ್ಷ ಡಾಲರು ಪರಿಹಾರ ದೊರೆಯಿತು; ಕೊಟ್ಟದ್ದು ನಗರದ ವಿಮೆ. ಅಧಿಕಾರಿ 48,500 ಡಾಲರು ಪಡೆದು ಕೆಲಸ ಬಿಟ್ಟ. ನಾವೇನೂ ಬೀಗಬೇಕಾಗಿಲ್ಲ: ಕರ್ತವ್ಯದ ಹೆಸರಿನಲ್ಲಿ ನಡೆದದ್ದಕ್ಕೆ ಅನೇಕ ಸಂದರ್ಭಗಳಲ್ಲಿ ಸರ್ಕಾರದ ಅನುಮತಿಯಿಲ್ಲದೆ ವಿಚಾರಣೆಯನ್ನೇ ಕೈಗೊಳ್ಳಬಾರದೆಂಬ ಹಳೆಯ ಕಟ್ಟಳೆ ನಮ್ಮ 2023ರ ಹೊಸ ಸಂಹಿತೆಯ 218ನೆಯ ಕಲಮಿನಲ್ಲಿಯೂ ಬಂದು ಕೂತಿದೆ.

ದಾರಿಯೇ ಇಲ್ಲವೆನ್ನುವವರು ಕೊಲರಾಡೋ ಸಂಸ್ಥಾನವನ್ನು ನೋಡಲಿ. ಅಲ್ಲಿಯ 2020ರ ಕಾನೂನಿನಂತೆ, ಹಕ್ಕು ಕಳೆದುಕೊಂಡ ಪ್ರಜೆ ಸಂಸ್ಥಾನದ ಕೋರ್ಟಿನಲ್ಲಿ ದಾವೆ ಹೂಡಿದರೆ ಪೋಲೀಸರ ವಿಶೇಷ ರಕ್ಷಣೆಯ ವಾದ ನಿಲ್ಲುವುದಿಲ್ಲ. ಸದ್ಭಾವವಿಲ್ಲದೆ ನಡೆದುಕೊಂಡ ಅಧಿಕಾರಿ ಪರಿಹಾರದ ಶೇಕಡ 5ನ್ನೋ 25,000 ಡಾಲರನ್ನೋ, ಯಾವುದು ಕಡಮೆಯೋ ಅದನ್ನು, ತನ್ನ ಕೈಯಿಂದಲೇ ಕಟ್ಟಬೇಕು. ಹೀಗಾದರೆ ಪೋಲೀಸು ಕೆಲಸಕ್ಕೆ ಯಾರೂ ಬರುವುದಿಲ್ಲವೆಂದು ಹೆದರಿಸುವವರುಂಟು. ಕಾನೂನು ಅಲ್ಲಿ ಜಾರಿಯಲ್ಲಿದೆ, ಪೋಲೀಸರೂ ಇದ್ದಾರೆ.