ಕೂದವಂಗೆ ತಪ್ಪಿಲ್ಲೆ

ಬೇಸ್‌ಬಾಲಿನ ಸ್ಕೋರ್ ಬೋರ್ಡಿನ ಕರೆಲಿ ಮೂರು ಕಾಲಂ ಇರ್ತು: ರನ್, ಹಿಟ್, ಎರರ್. ಕ್ರಿಕೆಟಿಲ್ಲಿ ಒಬ್ಬ° ಸುಲಾಬದ ಕ್ಯಾಚಿನ ಕೈಬಿಟ್ಟರೆ ನಾವು ನಾಲ್ಕು ಬೈದು ಮರತ್ತು. ಬೋರ್ಡಿಲ್ಲಿ ಅದು ಕಾಣ್ತಿಲ್ಲೆ. ಇಲ್ಲಿ ಹಾಂಗಲ್ಲ. ತಪ್ಪಿನ ಇಡೀ ಊರಿಂಗೆ ಕಾಂಬ ಹಾಂಗೆ ಬರದು ಮಡುಗುತ್ತವು. ಈ ಕಾಲಮಿನ ಮೇಲೆ ಎನಗೆ ಮದಲಿಂದಲೇ ಕೋಪ. ಬೋರ್ಡಿನ ಮೇಲಾಣದ್ದಕ್ಕಿಂತ ಹೆಚ್ಚು, ಮನೆಯೊಳಾಣದ್ದರ ಮೇಲೆ.

ಆನು ಮದುವೆ ಆಗಿ ಬೋಸ್ಟನಿಂಗೆ ಬಂದದು 1985ರಲ್ಲಿ. ನೆರೆಕರೆಯ ಒಂದು ಅಜ್ಜಿ ಟಿವಿ ಎದುರು ಕೂರುಸಿ ಆಟ ಕಲಿಶಿತ್ತು. ಆ ಮರುಳು ಇಂದಿಂಗೂ ಬಿಟ್ಟಿದಿಲ್ಲೆ.

1986ರ ಅಕ್ಟೋಬರ್ 25ರ ಇರುಳು ಈಗಳೂ ನೆಂಪಿದ್ದು. ವರ್ಲ್ಡ್ ಸೀರೀಸಿನ ಆರನೇ ಆಟ, ನ್ಯೂಯಾರ್ಕಿಲ್ಲಿ. 1918ರ ಮತ್ತೆ ಒಂದರಿಯೂ ಗೆಲ್ಲದ್ದ ಎಂಗಳ ರೆಡ್ ಸಾಕ್ಸ್ ಹತ್ತನೇ ಇನ್ನಿಂಗ್ಸಿಲ್ಲಿ 5-3 ಮುಂದೆ ಇತ್ತು, ಇನ್ನೊಂದೇ ಒಂದು ಔಟ್ ಸಾಕಿತ್ತು. ಅಷ್ಟಪ್ಪಗ ಎದುರಾಣವು ಮೂರು ಹಿಟ್ ಹೊಡದವು. ಒಂದು ಎಸೆತ ದಾರಿ ತಪ್ಪಿ ಸ್ಕೋರು ಸಮ ಆತು. ಮತ್ತೆ ಬಂತು ಒಂದು ಸಾದಾ ನೆಲಚೆಂಡು, ಬಿಲ್ ಬಕ್‌ನರನ ಕಾಲೆಡೇಲಿ ನುಸುಳಿ ಹೋತು. ಸೋತೆಯೊ°. ಎರಡು ದಿನ ಕಳುದು ಏಳನೇ ಆಟಲ್ಲಿ 3-0 ಮುಂದೆ ಇದ್ದೊಂಡೂ ಸೋತೆಯೊ°.

ಆ ಚೆಂಡು ತಪ್ಪುವ ಮೊದಲೇ ಸ್ಕೋರು ಸಮ ಆಗಿತ್ತು, ಇನ್ನೊಂದು ಆಟವೂ ಬಾಕಿ ಇತ್ತು. ಇದು ಆರಿಂಗೂ ಬೇಡ. ಕಾಲುಬೇನೆ ಮಡಿಕ್ಕೊಂಡೇ ಆಡಿದ ಜೆನ, ಜೀವಮಾನಲ್ಲಿ 2,715 ಹಿಟ್ ಹೊಡದ ಜೆನ. ಹೆಸರು ಹೇಳಿದ ಕೂಡ್ಲೆ ನೆಂಪಪ್ಪದು ಆ ಒಂದೇ ಚೆಂಡು.

ಎನ್ನ ಅಬ್ಬೆ ಊರಿಲ್ಲಿ ಅರುವತ್ತು ವರ್ಷ ಅಡಿಗೆ ಮಾಡಿತ್ತು. ಅಣ್ಣನ ಮಗನ ಉಪನಯನದ ಮುನ್ನಾಣ ದಿನ ಐವತ್ತು ಜೆನಕ್ಕೆ ಕಾಸಿದ ಪಾಯಸ ಅಡಿ ಹಿಡುದತ್ತು. ಇಪ್ಪತ್ತು ವರ್ಷ ಆತು. ಈಗಳೂ ಜೆಂಬ್ರಲ್ಲಿ ಪಾಯಸ ಬಪ್ಪಗ ಆರಾರೊಬ್ಬ° "ಇದು ಅತ್ತೆ ಮಾಡಿದ್ದಲ್ಲನ್ನೆ?" ಹೇಳಿ ಕೇಳುಗು, ಹಂತಿ ಇಡೀ ನೆಗೆ ಮಾಡುಗು. ಆನುದೆ ನೆಗೆ ಮಾಡಿದ್ದೆ. ಕಳುದ ವರ್ಷ ಊರಿಂಗೆ ಹೋಗಿಪ್ಪಗ ನೋಡಿರೆ, ಅಬ್ಬೆ ಒಲೆ ಹತ್ರಂಗೇ ಹೋವುತ್ತಿಲ್ಲೆ. "ಬೇಡ ಮಗಳೇ, ಎಂತಾರು ತಪ್ಪಿರೆ ಮತ್ತೆ ಅದನ್ನೇ ಹೇಳುಗು" ಹೇಳಿತ್ತು. ಎನ್ನ ನೆಗೆ ಅಂದು ಎನ್ನ ಗೆಂಟಲಿಲ್ಲೇ ಸಿಕ್ಕಿತ್ತು.

ಬೇಸ್‌ಬಾಲಿನ ನಿಯಮಲ್ಲಿ ಒಂದು ಸೂಕ್ಷ್ಮ ಇದ್ದು. ಸಾಮಾನ್ಯ ಪ್ರಯತ್ನಲ್ಲಿ ಹಿಡಿವಲೆ ಎಡಿಗಾದ ಚೆಂಡಿನ ಬಿಟ್ಟರೆ ಮಾಂತ್ರ ಎರರ್. ಅದರ ತೀರ್ಮಾನ ಮಾಡುದು ಮೇಗೆ ಕೂದ ಸ್ಕೋರರ್. ಅಂಬಗ ಎಂತಾತು? ಬೇಗ ಓಡಿ, ಚೆಂಡಿನ ಬುಡಕ್ಕೆ ಎತ್ತಿ, ಕೈ ಜಾರಿದವಂಗೆ ಎರರ್ ಬೀಳುಗು. ನಿಧಾನ ಹೋಗಿ ಹತ್ರಂಗೇ ಎತ್ತದ್ದವನ ಲೆಕ್ಕ ಬೆಳಿ ಬೆಳಿ. ಬಿಲ್ ಜೇಮ್ಸ್ ಹೇಳ್ತ ಬರಹಗಾರ° 1970ರ ದಶಕಲ್ಲೇ ಇದರ ಎತ್ತಿ ಆಡಿದ್ದ°. ತಪ್ಪಿನ ಎಣುಸುದರ ಬದಲು, ಒಂದು ಆಟಲ್ಲಿ ಎಷ್ಟು ಔಟಿಂಗೆ ಕೈ ಸೇರಿಸಿದ° ಹೇಳಿ ಎಣುಸುವ ಲೆಕ್ಕವ ತಂದ°.

ನಮ್ಮ ಮನೆಗಳಲ್ಲಿ ಸ್ಕೋರರ್ ಆರು? ಜೆಗಿಲಿಲಿ ಕೂದು ಎಲೆ ಅಡಕ್ಕೆ ತಿಂಬವು. ಒಲೆಲಿ ಹಾಲು ಮಡುಗದ್ದವನ ಹಾಲು ಉಕ್ಕ. ಅಶನ ಬೇಶದ್ದವನ ಅಶನ ಕರಂಚ. ಎನ್ನ ಅಣ್ಣ ಇಷ್ಟು ವರ್ಷಲ್ಲಿ ಒಂದರಿಯೂ ಪಾಯಸ ಅಡಿ ಹಿಡಿಶಿದ್ದ°ಯಿಲ್ಲೆ. ಸೌಟು ಹಿಡುದರಲ್ಲದೋ ಅಪ್ಪದು!

"ಹಾಂಗಾರೆ ತಪ್ಪಿನ ತಪ್ಪು ಹೇಳ್ಲಾಗದೋ?" ಹೇಳಿ ಕೇಳುವಿ ನಿಂಗೊ. ಹೇಳಿ. ಉಪ್ಪು ಹೆಚ್ಚಾದರೆ ಹೆಚ್ಚಾತು ಹೇಳಿಯೇ ಹೇಳಿ. ಎರರಿನ ಉದ್ದಿ ಹಾಕಿ ಹೇಳಿ ಆನು ಹೇಳ್ತಿಲ್ಲೆ. ಅದರ ಮೊದಲಾಣ ಎರಡು ಕಾಲಮನ್ನೂ ಓದಿ ಹೇಳ್ತೆ. ಮತ್ತೆ, ಮೈದಾನದ ಬೋರ್ಡುದೇ ಮರದಿನದ ಆಟಕ್ಕೆ ಸೊನ್ನೆಂದ ಸುರು ಆವುತ್ತು. ಇಪ್ಪತ್ತು ವರ್ಷ ಹಿಂದಾಣ ಪಾಯಸ ಇಂದ್ರಾಣ ಬಾಳೆಗೆ ಎಂತಕೆ ಬಳುಸುದು?

2004ರಲ್ಲಿ ರೆಡ್ ಸಾಕ್ಸ್ ಅಂತೂ ಗೆದ್ದತ್ತು. 2008ರ ಏಪ್ರಿಲ್ 8ಕ್ಕೆ ಬಕ್‌ನರನ ಫೆನ್ವೇ ಪಾರ್ಕಿಂಗೆ ದಿನಿಗೇಳಿದವು, ಸುರೂವಾಣ ಚೆಂಡು ಇಡ್ಕುಲೆ. ಜೆನ ಎದ್ದು ನಿಂದು ಚಪ್ಪಾಳೆ ತಟ್ಟಿದವು. ಅವ° ಕಣ್ಣುದ್ದಿಗೊಂಡ°. ಆನುದೆ ಟಿವಿ ಎದುರು ಎದ್ದು ನಿಂದೆ. ಅಷ್ಟಪ್ಪಲೆ 22 ವರ್ಷ ಬೇಕಾತು. 2019ರಲ್ಲಿ ಅವ° ತೀರಿಹೋದ°.

ಅಬ್ಬೆಗೆ ಈಗ ಎಂಬತ್ತನಾಲ್ಕು. ಎಂಗಳ ಹತ್ರೆ 22 ವರ್ಷ ಇಲ್ಲೆ.

ಬಪ್ಪ ತಿಂಗಳು ಊರಿಂಗೆ ಹೋವುತ್ತೆ. ಪಾಯಸ ಅಬ್ಬೆಯೇ ಮಾಡೆಕ್ಕು. ಅಡಿ ಹಿಡುದರೆ ಹಿಡಿಯಲಿ, ಮೇಗಾಣದರ ಆನೇ ಬಳುಸುತ್ತೆ. ಆರಾರು ನೆಗೆ ಮಾಡಿರೆ ಬೈತ್ತಿಲ್ಲೆ. ಸೌಟಿನ ಅವರ ಕೈಗೆ ಕೊಡ್ತೆ.